ನಲವತ್ತು ಮನೆಗೆ ಒಂದು ನಾಲಿಗೆ

ಬಾಯಿಬಡಕಿ ಮೊದಲ ಸಲ ಬಡಿದುಕೊಂಡದ್ದು ಸಂಕ್ರಾಂತಿಗೆ ಹತ್ತು ದಿನ ಇರುವಾಗ. ಬೆಳಗಿನ ಆರೂವರೆ. ಬೀದರಿನ ಚಳಿಗೆ ಹೆದರಿ ಕಿಟಕಿ ಬಾಗಿಲು ಬಿಗಿಯಾಗಿ ಹಾಕಿಕೊಂಡ ಕೋಣೆಯಲ್ಲಿ ಜಗದೇವಿ ಇನ್ನೂ ಕಂಬಳಿಯೊಳಗೇ ಇದ್ದಳು. ಬಾಗಿಲ ಮೇಲಿನ ಡಬ್ಬಿಯ ದೀಪ ಕೆಂಪಗಾಗಿ, ಓಣಿಗೆಲ್ಲ ಕೇಳುವಂತೆ ಕಿರುಚತೊಡಗಿತು.

ಬಾಯಿಬಡಕಿ ಎಂಬುದು ಓಣಿಯವರು ಇಟ್ಟ ಹೆಸರು. ಸರ್ಕಾರ ಇಟ್ಟದ್ದು ‘ಗೃಹ ರೇಡಾನ್ ಸೂಚಕ’. ಅಷ್ಟುದ್ದದ ಹೆಸರು ಹಿಡಿದು ಕರೆಯುವಷ್ಟು ಪುರುಸೊತ್ತು ಯಾರಿಗಿದೆ? ರೇಡಾನ್ ಒಂದು ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ. ಕಲ್ಲುಮಣ್ಣಿನಲ್ಲಿ ಅಡಗಿದ ಯುರೇನಿಯಂ ಸವೆದು ಸವೆದು ರೇಡಿಯಂ ಆಗುತ್ತದೆ, ರೇಡಿಯಂ ಸವೆದು ರೇಡಾನ್ ಆಗುತ್ತದೆ. ಅದು ನೆಲದ ಬಿರುಕಿನಿಂದ ಎದ್ದು ಮುಚ್ಚಿದ ಕೋಣೆಯಲ್ಲಿ ಮನೆಮಾಡಿಕೊಂಡು, ಮಲಗಿದವರ ಶ್ವಾಸಕೋಶಕ್ಕೆ ಇಳಿದು ಅಲ್ಲಿ ಕಣ್ಣಿಗೆ ಕಾಣದ ಕಿಡಿ ಹಾರಿಸುತ್ತದೆ. ಬೀಡಿ ಸಿಗರೇಟು ಮುಟ್ಟದವರಿಗೂ ಶ್ವಾಸಕೋಶದ ಕ್ಯಾನ್ಸರ್ ಯಾಕೆ ಬರುತ್ತದೆಂದು ತಲೆಕೆಡಿಸಿಕೊಂಡ ದೇಶ, ಕೊನೆಗೆ ಮನೆಮನೆಗೂ ಒಂದೊಂದು ಡಬ್ಬಿ ಹಾಕಿಸಿತು. ಬೀದರಿಗೆ ಅದು ಬಂದದ್ದು ಹೋದ ಮಳೆಗಾಲದಲ್ಲಿ. ಹಸಿರು ದೀಪವಾದರೆ ಕ್ಷೇಮ, ಹಳದಿಯಾದರೆ ಕಿಟಕಿ ತೆಗೆ, ಕೆಂಪಾದರೆ ಹೊರಗೆ ನಡೆ. ಇಷ್ಟು ಗೊತ್ತಿದ್ದರೆ ಸಾಕಿತ್ತು.

ತಮ್ಮ ಬಸವಂತಪ್ಪ ಲುಂಗಿ ಕಟ್ಟಿಕೊಳ್ಳುತ್ತ ಓಡಿಬಂದ. “ಯಕ್ಕಾ, ಎದ್ದು ಹೊರಗ ಬಾ! ನೆಲದಾಗ ಏನೋ ಬಿರುಕು ಬಿಟ್ಟದ ಕಾಣ್ತದ.”

“ಚಳಿಗಿ ಅದಕ್ಕೂ ತಲಿ ಕೆಟ್ಟಿರಬೇಕು,” ಎಂದು ಜಗದೇವಿ ಗೊಣಗುತ್ತ ಕಂಬಳಿ ಹೊದ್ದುಕೊಂಡೇ ಅಂಗಳಕ್ಕೆ ಬಂದಳು.

ಎರಡು ದಿನದಲ್ಲಿ ನಗರಸಭೆಯವರು ಹಾರೆ ಹಿಡಿದು ಬಂದರು. ನೆಲ ಅಗೆದರು, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರು, ಮೇಲೆ ಗಾರೆ ಬಡಿದರು, ಕೋಣೆಯ ಗಾಳಿ ಹೊರಹೋಗಲೆಂದು ಒಂದು ಪೈಪನ್ನು ಮಾಳಿಗೆಯವರೆಗೆ ಎಳೆದರು. ಒಂದು ವಾರ ಗಾರೆ ಒಣಗಲೆಂದು ಮನೆಯವರೆಲ್ಲ ಬಸವಂತಪ್ಪನ ಹೆಂಡತಿ ಸುಮಿತ್ರಾಳ ತವರಾದ ನೌಬಾದಿಗೆ ಹೋದರು. ಅವಸರವೂ ಇತ್ತು. ಅವರ ಮಗಳು ವೈಜಯಂತಿ ಏಳು ತಿಂಗಳ ಬಸುರಿ, ಇನ್ನು ಇಪ್ಪತ್ತು ದಿನಕ್ಕೆ ಹೆರಿಗೆಗೆ ತವರಿಗೆ ಬರುವವಳಿದ್ದಳು. ಕೋಣೆ ಸಿದ್ಧವಾಗಬೇಕಿತ್ತು.

ಆ ಕೋಣೆ ಜಗದೇವಿಯದು. ಮದುವೆಯಾದ ಎರಡನೆಯ ವರ್ಷವೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು ಅವಳು. ವೈಜು ಹುಟ್ಟಿದಾಗ ಕಿವಿಯಲ್ಲಿ ಹೆಸರು ಉಸುರಿದವಳು ಅವಳೇ, ಎದೆಹಾಲು ಬಿಟ್ಟ ಮೇಲೆ ಮಗ್ಗುಲಲ್ಲಿ ಹಾಕಿಕೊಂಡು ಮಲಗಿಸಿದವಳೂ ಅವಳೇ. ಆ ಹುಡುಗಿ ಮದುವೆಯಾಗಿ ಹೋಗುವವರೆಗೂ, ಇಪ್ಪತ್ತೆರಡು ವರ್ಷ, ಅತ್ತಿಯ ಕಂಬಳಿಯೊಳಗೇ ಮಲಗಿ ಬೆಳೆದಳು. ಈಗ ಅವಳ ಕೂಸಿಗೆ ನೀರೆರೆಯುವುದು, ತೊಡೆಯ ಮೇಲೆ ಮಲಗಿಸಿ ಎಣ್ಣೆ ತಿಕ್ಕುವುದು, ಎಲ್ಲ ತನ್ನ ಕೈಯಿಂದಲೇ ಆಗಬೇಕೆಂದು ಜಗದೇವಿ ಯಾವತ್ತೋ ಠರಾವು ಮಾಡಿಬಿಟ್ಟಿದ್ದಳು. ಬದುಕಿನಲ್ಲಿ ಅವಳು ಬೇರೇನನ್ನೂ ಅಷ್ಟು ಆಸೆಪಟ್ಟಿರಲಿಲ್ಲ.

ನೌಬಾದಿಗೆ ಹೋದ ಮೂರನೆಯ ಬೆಳಗ್ಗೆ ಅಲ್ಲಿಯ ಬಾಯಿಬಡಕಿಯೂ ಬಡಿದುಕೊಂಡಿತು. ಜಗದೇವಿ ಮಲಗಿದ್ದ ಕೋಣೆಯಲ್ಲೇ.

ಆ ಮನೆಯವರು ಮುಖ ಚಿಕ್ಕದು ಮಾಡಿಕೊಂಡು, “ನಮ್ಮದು ಹೊಸಾ ಮನಿ ರೀ, ಹಿಂಗ್ ಎಂದೂ ಆಗಿಲ್ಲ,” ಎಂದರು. ಮಧ್ಯಾಹ್ನ ಎಲ್ಲರೂ ಸಂತೆಗೆ ಹೋದಾಗ ಜಗದೇವಿ ಒಂದು ಕೆಲಸ ಮಾಡಿದಳು. ಕೋಣೆ ಬಿಟ್ಟು ಬೇವಿನ ಮರದಡಿ ಹೋಗಿ ಕೂತಳು. ಕಿಟಕಿ ತೆಗೆದಿಟ್ಟಿದ್ದಳು, ಸ್ವಲ್ಪ ಹೊತ್ತಿಗೆ ಡಬ್ಬಿ ಹಸಿರಾಯಿತು. ಮತ್ತೆ ಕಿಟಕಿ ಹಾಕಿ ಖಾಲಿ ಕೋಣೆಗೇ ಬೀಗ ಹಾಕಿಟ್ಟಳು. ರಾತ್ರಿಯವರೆಗೂ ಹಸಿರಾಗಿಯೇ ಇತ್ತು. ಮರುದಿನ ತಲೆನೋವಿನ ನೆಪ ಹೇಳಿ ಒಳಗೆ ಬಾಗಿಲು ಹಾಕಿಕೊಂಡು ಮಲಗಿದಳು. ಸಂಜೆಯೊಳಗೆ ಹಳದಿ. ಹೀಗೆ ಮೂರು ಸಲ ನೋಡಿದಳು. ನಲವತ್ತು ವರ್ಷ ಬಿದರಿ ಪಾತ್ರೆಗಳ ಮೇಲೆ ಬೆಳ್ಳಿಯ ತಂತಿಯನ್ನು ಕೂದಲೆಳೆಯಷ್ಟು ಗೀರಿನಲ್ಲಿ ಕೂರಿಸಿದವಳಿಗೆ ತಾಳ್ಮೆಗೇನು ಕಡಿಮೆ? ಆದರೆ ಅಷ್ಟು ದಿನವೂ ಅವಳು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಅಷ್ಟು ಒಂಟಿಯಾಗಿ ಅವಳು ಗಂಡ ಸತ್ತಾಗಲೂ ಇರಲಿಲ್ಲ.

ಕೊನೆಗೆ ತಮ್ಮನನ್ನು ಕರೆದು ಹೇಳಿದಳು.

“ಬಸ್ಯಾ, ನೆಲ ಅಗಿಸೋದು ಸಾಕು ಮಾಡು. ನೆಲದಾಗ ಏನೂ ಇಲ್ಲ.”

“ಮತ್ತ್ ಎಲ್ಲಿ ಅದ?”

“ಅದು ನಾನು.”

ಕಲಬುರಗಿ ರಸ್ತೆಯಲ್ಲಿದ್ದ ಮಾಪನ ಕೇಂದ್ರದಲ್ಲಿ ಒಂದು ಕಬ್ಬಿಣದ ಕೋಣೆ ಇತ್ತು. ಗೋಡೆ, ನೆಲ, ಚಾವಣಿ, ಎಲ್ಲ ಒಂದು ಗೇಣು ದಪ್ಪದ ಕಬ್ಬಿಣ. ಸಮುದ್ರದಲ್ಲಿ ಮುಳುಗಿದ್ದ ಹಳೆಯ ಹಡಗೊಂದನ್ನು ಕಡಿದು ತಂದು ಮಾಡಿದ್ದಂತೆ. ಜಗತ್ತು ಅಣುಬಾಂಬು ಸಿಡಿಸಿದ ಮೇಲೆ ಕರಗಿಸಿದ ಕಬ್ಬಿಣದಲ್ಲೆಲ್ಲ ಒಂದಿಷ್ಟು ವಿಕಿರಣ ಸೇರಿಕೊಂಡಿರುತ್ತದೆ, ಅದಕ್ಕೂ ಮೊದಲಿನದಾದರೆ ಶುದ್ಧ ಎಂದು ಅಲ್ಲಿನ ವಿಜ್ಞಾನಿ ತಿಪ್ಪೇಶ್ ವಿವರಿಸಿದ. ನಲವತ್ತೈದರ ಆಸುಪಾಸಿನ, ಚಿತ್ರದುರ್ಗದ ಕಡೆಯ ಮನುಷ್ಯ. ಜಗದೇವಿ ಬೆರಳ ಗೆಣ್ಣಿನಿಂದ ಗೋಡೆಗೆ ಬಡಿದು ಕಿವಿಗೊಟ್ಟಳು.

“ಚೊಲೋ ಲೋಹ ಅದ,” ಎಂದಳು.

“ಒಂದು ಗಂಟೆ ಅಲುಗಾಡದೆ ಮಲಗಬೇಕಮ್ಮ. ಭಯ ಆದ್ರೆ ಹೇಳಿ, ನನಗೆ ಕೇಳುತ್ತೆ.”

ಬಾಗಿಲು ಮುಚ್ಚಿತು. ಹೊರಗಿನ ಒಂದು ಸದ್ದೂ ಒಳಗೆ ಬರಲಿಲ್ಲ. ಅವಳ ಉಸಿರು ಅವಳಿಗೇ ಕೇಳಿಸುತ್ತಿತ್ತು, ಒಳಗೆ, ಹೊರಗೆ. ಐವತ್ತೆಂಟು ವರ್ಷ ಅದರ ಕಡೆಗೆ ಗಮನವನ್ನೇ ಕೊಟ್ಟಿರಲಿಲ್ಲ. ಈಗ ಪ್ರತಿ ಸಲ ಹೊರಬರುವಾಗಲೂ ಏನೋ ಕದ್ದು ಸಾಗಿಸುತ್ತಿದೆ ಎನ್ನಿಸಿತು.

ನಿಯಂತ್ರಣ ಕೋಣೆಯ ಪರದೆಯ ಮೇಲೆ ಗುಡ್ಡದ ಸಾಲಿನಂತೆ ಗೆರೆಗಳು ಎದ್ದಿದ್ದವು. ಗಂಟೆ ಮುಗಿಸಿ ಹೊರಬಂದ ಜಗದೇವಿಗೂ ಅಲ್ಲೇ ಕಾದಿದ್ದ ಬಸವಂತಪ್ಪನಿಗೂ ತಿಪ್ಪೇಶ್ ಅವನ್ನು ಬೆರಳಿಟ್ಟು ತೋರಿಸಿದ.

“ಇದು ರೇಡಿಯಂ. ನಿಮ್ಮ ಎಲುಬಿನಲ್ಲಿದೆ. ಎಲುಬಿಗೆ ಸುಣ್ಣದ ಅಂಶ ಬೇಕು ನೋಡಿ, ರೇಡಿಯಂ ಅದರ ಹಾಗೇ ನಟಿಸುತ್ತೆ. ಎಲುಬು ನಂಬಿ ಒಳಗೆ ಕರ್ಕೊಳ್ಳುತ್ತೆ. ಒಂದು ಸಲ ಕೂತರೆ ಏಳಲ್ಲ. ಅದರಲ್ಲಿ ಅರ್ಧ ಕರಗೋದಕ್ಕೇ ಸಾವಿರದ ಆರುನೂರು ವರ್ಷ ಬೇಕು. ಅಲ್ಲಿ ಕೂತು ಎಲುಬನ್ನ ಸುಡ್ತಾ ಇರುತ್ತೆ, ರೇಡಾನ್ ಹುಟ್ಟಿಸ್ತಾ ಇರುತ್ತೆ. ಆ ರೇಡಾನ್ ರಕ್ತದಲ್ಲಿ ಸೇರಿ ನಿಮ್ಮ ಉಸಿರಲ್ಲಿ ಹೊರಗೆ ಬರುತ್ತೆ.”

ಜಗದೇವಿಯ ಬಾಯಿಂದ ಬಂದ ಮೊದಲ ಮಾತು ತನ್ನ ಬಗ್ಗೆ ಇರಲಿಲ್ಲ.

“ನಮ್ಮ ವೈಜು ನನ್ನ ಮಗ್ಗುಲದಾಗ ಮಲಗ್ತಿದ್ಳು ರೀ ಸಾಹೇಬ್ರ. ಬಾಗ್ಲಾ ಹಾಕ್ಕೊಂಡು.”

ತಿಪ್ಪೇಶ್ ನೆಲ ನೋಡಿದ. “ಅವರನ್ನೂ ಕರ್ಕೊಂಡು ಬನ್ನಿ. ಎಲುಬಲ್ಲಿ ಏನೂ ಇರಲ್ಲ, ಉಸಿರಿನಿಂದ ಎಲುಬಿಗೆ ಹೋಗಲ್ಲ ಅದು. ಶ್ವಾಸಕೋಶಕ್ಕೆ... ಅಪಾಯ ಸ್ವಲ್ಪ. ಸೊನ್ನೆ ಅಂತ ಹೇಳೋಕೆ ನನಗಾಗಲ್ಲ.”

ಸೊನ್ನೆಯಲ್ಲ ಎಂಬ ಆ ಮಾತನ್ನು ಜಗದೇವಿ ಮತ್ತೊಮ್ಮೆ ಹೇಳಿಸಿಕೊಂಡಳು.

ರೇಡಿಯಂ ಎಲ್ಲಿಂದ ಬಂತು ಎಂಬುದೇ ತಿಪ್ಪೇಶನಿಗೆ ಬಗೆಹರಿಯಲಿಲ್ಲ. ಎರಡು ಮೂರು ದಿನ ಬಿಟ್ಟು ಅವಳನ್ನು ಮತ್ತೆ ಕರೆಸುವಷ್ಟರಲ್ಲಿ ಮನೆಯ ಬಾವಿ ನೀರು, ಜೋಳದ ಹಿಟ್ಟು, ಉಪ್ಪು, ಅವಳು ಕೆಲಸ ಮಾಡುವ ಬಿದರಿ ಕಾರಖಾನೆಯ ಮಣ್ಣು, ಎಲ್ಲವನ್ನೂ ತರಿಸಿ ಗಾಜಿನ ಬಟ್ಟಲುಗಳಲ್ಲಿಟ್ಟು ಅಳೆದಿದ್ದ. ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದ ಅವುಗಳಲ್ಲಿ ಕೊನೆಯದನ್ನು ತೋರಿಸಿದ.

“ಇದೊಂದರಲ್ಲಿ ಇದೆ, ಆದ್ರೆ ಸ್ವಲ್ಪ. ಕೈಗವಸು ಹಾಕ್ಕೊಂಡು ಮುಟ್ಟಿದ್ರೆ ಏನೂ ಆಗಲ್ಲ. ತಿಂದಿದ್ರೆ ಮಾತ್ರ...”

ಅವನ ಮಾತು ಮುಗಿದಿರಲಿಲ್ಲ. ಜಗದೇವಿ ಅಭ್ಯಾಸಬಲದಿಂದ ಬೆರಳು ಒದ್ದೆ ಮಾಡಿ, ಬಟ್ಟಲಿನಿಂದ ಒಂದು ಚಿಟಿಕೆ ಮಣ್ಣು ಎತ್ತಿ ನಾಲಿಗೆಯ ಮೇಲೆ ಇಟ್ಟುಕೊಂಡಿದ್ದಳು. ಕಣ್ಣು ಮುಚ್ಚಿ ಅಂಗುಳಕ್ಕೆ ಒತ್ತಿ, ನುಂಗಿ, “ಹೊಸಾ ಮೂಟಿದು ಇದು. ಖಾರ ಕಮ್ಮಿ ಅದ,” ಎಂದಳು.

ತಿಪ್ಪೇಶ್ ಕುರ್ಚಿ ಬಿಟ್ಟು ಎದ್ದ. “ಏನ್ ಮಾಡಿದ್ರಿ ನೀವು ಈಗ?”

“ಮಣ್ಣ್ ನೋಡ್ದೆ ರೀ.” ಅವನ ಮುಖ ಬಿಳಿಚಿಕೊಂಡದ್ದು ಯಾಕೆಂದು ಅವಳಿಗೆ ಆ ಕ್ಷಣಕ್ಕೆ ಹೊಳೆಯಲಿಲ್ಲ.

ಬಿದರಿ ಪಾತ್ರೆಯ ಜೀವ ಇರುವುದು ಅದರ ಕಪ್ಪಿನಲ್ಲಿ. ಸತು ತಾಮ್ರ ಬೆರೆಸಿ ಎರಕ ಹೊಯ್ದು, ಬಳ್ಳಿ ಕೊರೆದು, ಗೀರಿನಲ್ಲಿ ಬೆಳ್ಳಿ ಕೂರಿಸಿ, ಕೊನೆಗೆ ಬಿಸಿ ಮಾಡಿ ಕೋಟೆಯ ಮಣ್ಣು, ನವಸಾಗರವೆಂಬ ಉಪ್ಪು ಹಾಕಿ ತಿಕ್ಕಿದರೆ ಲೋಹವೆಲ್ಲ ಕಾಡಿಗೆಯಾಗಿ ಬೆಳ್ಳಿ ಮಾತ್ರ ಹೊಳೆಯುತ್ತದೆ. ನೂರಾರು ವರ್ಷ ಬಿಸಿಲು ಮಳೆ ಕಾಣದ ಮಣ್ಣೇ ಬೇಕು. ಅದು ಸರಿಯಾದ ಮಣ್ಣೋ ಅಲ್ಲವೋ ಎಂದು ಹೇಳುವುದು ನಾಲಿಗೆ. ಜಗದೇವಿಗೆ ಈ ವಿದ್ಯೆ ಕಲಿಸಿದವರು ಮಹಬೂಬ್ ಉಸ್ತಾದರು. ಕಪ್ಪು ಎಲ್ಲರದೂ ಒಂದೇ ಇರಬೇಕಾದರೆ ನಾಲಿಗೆಯೂ ಒಂದೇ ಇರಬೇಕು ಎಂಬುದು ಅವರ ಕಟ್ಟಳೆ. ಅವರು ತೀರಿಕೊಂಡ ಮೇಲೆ ಮನೆಗೊಂದರಂತಿದ್ದ ನಲವತ್ತು ಕಾರಖಾನೆಗಳ ಮಣ್ಣನ್ನು ಜಗದೇವಿ ಒಬ್ಬಳೇ ನೋಡುತ್ತಿದ್ದಳು. ಮುಂಜಾನೆ ಎದ್ದು, ಬಾಯಿ ತೊಳೆದು, ಚಹಾ ಮುಟ್ಟುವ ಮೊದಲು, ಮೂಟೆಗೊಂದು ಚಿಟಿಕೆ. ಉಸ್ತಾದರ ಇನ್ನೊಂದು ಕಟ್ಟಳೆಯೂ ಇತ್ತು. ಅನ್ನ ಕೊಡುವ ಮಣ್ಣನ್ನು ಉಗುಳಬಾರದು.

ಕೋಟೆಯ ಮಣ್ಣು ತೀರುತ್ತ ಬಂದಿದೆಯೆಂದು ತೆಗೆಯುವುದನ್ನು ನಿಲ್ಲಿಸಿ ಹನ್ನೊಂದು ವರ್ಷವಾಗಿತ್ತು. ಬದಲಿಗೆ ಯಾವುದೋ ಗೊಬ್ಬರದ ಕಾರ್ಖಾನೆಯ ಉಳಿಕೆಯಿಂದ ಮಾಡಿದ ಮಣ್ಣು ಮೂಟೆಗಳಲ್ಲಿ ಬರುತ್ತಿತ್ತು. ಆ ಉಳಿಕೆಯಲ್ಲಿ ರೇಡಿಯಂ ಇತ್ತು. ಸರಾಸರಿ ಹಿಡಿದರೆ ಕಡಿಮೆ, ಒಂದೊಂದು ಮೂಟೆಯಲ್ಲಿ ಮಾತ್ರ ಹೆಚ್ಚು.

ತಿಪ್ಪೇಶ್ ಕಪಾಟಿನಿಂದ ಹಳೆಯ ಕಡತವೊಂದನ್ನು ತೆಗೆದ. ಮಣ್ಣು ಸುರಕ್ಷಿತ ಎಂದು ಹನ್ನೊಂದು ವರ್ಷದ ಹಿಂದೆ ಕೊಟ್ಟ ಕಾಗದ. ಕೆಳಗೆ ಅವನದೇ ಸಹಿ.

“ನಾನೇ ಬಂದಿದ್ದೆ ನಿಮ್ಮ ಕಾರಖಾನೆಗೆ. ಬೆಳಗ್ಗೆ ಹನ್ನೊಂದು ಗಂಟೆಗೆ. ಕೈಯಿಂದ ಎಷ್ಟು, ಧೂಳಿನಿಂದ ಎಷ್ಟು, ದಿನಕ್ಕೆ ಎಷ್ಟು ಗಂಟೆ, ಎಲ್ಲಾ ಲೆಕ್ಕ ಹಾಕಿದೆ. ನಾಲಿಗೆಯಿಂದ ಎಷ್ಟು ಅಂತ ಒಂದು ಕಾಲಂ ಇರಲಿಲ್ಲ. ನಾನೂ ಕೇಳಲಿಲ್ಲ.”

“ಹನ್ನೊಂದಕ್ಕ ನಾ ಚಹಾ ಕುಡ್ದು ಕುಂತಿದ್ದೆ ರೀ,” ಎಂದಳು ಜಗದೇವಿ. ಅವನ ಮೇಲೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಉಳಿದ ಮೂವತ್ತೊಂಬತ್ತು ಮನೆಯವರಿಗೆ ಏನೂ ಆಗಿಲ್ಲವಲ್ಲ ಎಂದು ಸಮಾಧಾನವೂ ಆಯಿತು, ತನ್ನ ಜೊತೆಗೆ ಒಬ್ಬರೂ ಇಲ್ಲವಲ್ಲ ಎಂದು ಅಳುವೂ ಬಂತು.

ಹಾಗೆ ಅವಳ ವಾಸ ಮೇಲಿನ ಬಯಲು ಮಾಳಿಗೆಗೆ ಏರಿತು. ತೆರೆದ ಗಾಳಿಯಲ್ಲಿ ರೇಡಾನ್ ನಿಲ್ಲುವುದಿಲ್ಲ, ಚದುರಿಹೋಗುತ್ತದೆ ಎಂದು ತಿಪ್ಪೇಶ್ ಹೇಳಿದ್ದ. ಬಸವಂತಪ್ಪ ನಾಲ್ಕು ಕಂಬ ನಿಲ್ಲಿಸಿ, ಮೇಲೆ ತಗಡು ಹೊದಿಸಿ, ಗೋಡೆಯಿಲ್ಲದ ಚಪ್ಪರ ಮಾಡಿಕೊಟ್ಟ. ಮಾಡುವಾಗ ಅತ್ತ. “ನೀನ ಕೆಳಗ ಇರು ಯಕ್ಕಾ, ನಾವು ಕಿಡಕಿ ತಕ್ಕೊಂಡ ಇರ್ತೀವಿ,” ಎಂದ. ಆದರೆ ಮನೆಗೆ ಬಸುರಿ ಬರುವವಳಿದ್ದಳು. ಆ ಮಾತನ್ನು ಅವನೂ ಒತ್ತಿ ಹೇಳಲಿಲ್ಲ, ಅವಳೂ ಒಪ್ಪಲಿಲ್ಲ.

ಊರಿಗೆ ಅರೆಬರೆ ಸುದ್ದಿ ಸಾಕಾಗುತ್ತದೆ. ಹಾಲಿನವಳು ಮೆಟ್ಟಿಲ ಬುಡದಲ್ಲೇ ಚೊಂಬು ಇಟ್ಟು ಕೂಗಿ ಹೋಗುತ್ತಿದ್ದಳು. ಪಕ್ಕದ ಮಾಳಿಗೆಯವರು ಬಟ್ಟೆ ಒಣಹಾಕುವ ಹಗ್ಗವನ್ನು ಆಚೆ ತುದಿಗೆ ಕಟ್ಟಿಕೊಂಡರು. ಕಾರಖಾನೆಗಳಿಂದ ಎರಡು ಸಲ ಜನ ಬಂದರು, ಅಂಗಳದಲ್ಲಿ ನಿಂತು ತಲೆಯೆತ್ತಿ ಕುಶಲ ಕೇಳಿದರು, ಕತ್ತು ನೋಯುತ್ತಿದ್ದಂತೆ ಹೊರಟರು. ಅವಳ ದವಡೆ ನೋಯತೊಡಗಿತ್ತು. ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ತಿನ್ನುವಾಗ ಒಂದು ದವಡೆಹಲ್ಲು ತಾನೇ ಕಳಚಿ ಅಂಗೈಗೆ ಬಂತು. ನೋವಿಲ್ಲದೆ ಬಂದ ಆ ಹಲ್ಲನ್ನು ಅವಳು ಬೆಳಕಿಗೆ ಹಿಡಿದು ನೋಡಿದಳು. ಯಾರಿಗೂ ಹೇಳದೆ ಚಪ್ಪರದ ತಗಡಿನ ಸಂದಿಯಲ್ಲಿ ಸಿಕ್ಕಿಸಿದಳು.

ವೈಜು ಬಂದ ದಿನ ಮೆಟ್ಟಿಲು ಹತ್ತಲು ಹೊರಟಳು. “ಹತ್ತಬ್ಯಾಡ!” ಎಂದು ಜಗದೇವಿ ಮೇಲಿನಿಂದ ಕೂಗಿದ ರಭಸಕ್ಕೆ ಓಣಿಯ ನಾಯಿ ಬೊಗಳಿತು. ಆಮೇಲೆ ಅತ್ತಿ ಸೊಸೆ ಪೈಪಿನ ಮೂಲಕ ಮಾತಾಡುವುದು ರೂಢಿಯಾಯಿತು. ನಗರಸಭೆಯವರು ಕೋಣೆಯಿಂದ ಮಾಳಿಗೆಗೆ ಎಳೆದಿದ್ದ ಪೈಪು ಇತ್ತಲ್ಲ, ಅದೇ. ಕೆಳಗೆ ವೈಜು ಬಾಯಿಟ್ಟು “ಅತ್ತೀ, ಉಂಡಿಯೇನು?” ಎಂದರೆ ಮೇಲೆ ಕೇಳಿಸುತ್ತಿತ್ತು. ಜಗದೇವಿ ಮಾತ್ರ ಆ ಪೈಪಿಗೆ ಬಾಯಿಡಲಿಲ್ಲ. ಉಸಿರು ಇಳಿದುಹೋದೀತು ಎಂದು ದೂರ ನಿಂತು, ಕತ್ತು ಚಾಚಿ, ಅಂಗಳಕ್ಕೆ ಉತ್ತರ ಕೂಗುತ್ತಿದ್ದಳು.

ಯುಗಾದಿಗೆ ಮೊದಲು ಹೆಣ್ಣು ಕೂಸು ಹುಟ್ಟಿತು. ಮೊದಲ ಅಳು ಜಗದೇವಿಗೆ ಪೈಪಿನಲ್ಲೇ ಕೇಳಿದ್ದು. ತೊಟ್ಟಿಲಿಗೆ ಹಾಕಿದ ದಿನ ಕೆಳಗೆ ಹೆಂಗಸರ ಹಾಡು, ಗದ್ದಲ. ಜಗದೇವಿ ಹೊಸ ಇಲಕಲ್ ಸೀರೆ ಉಟ್ಟುಕೊಂಡು, ತಲೆ ಬಾಚಿಕೊಂಡು, ಚಪ್ಪರದಲ್ಲಿ ಒಬ್ಬಳೇ ಕೂತಿದ್ದಳು. ಊಟದ ತಟ್ಟೆ ಮೆಟ್ಟಿಲ ಮೇಲೆ ಬಂತು. ಹೋಳಿಗೆ ಮೆತ್ತಗಿತ್ತು, ಆದರೂ ಅವಳು ತಟ್ಟೆಯನ್ನು ಹಾಗೇ ಮುಚ್ಚಿಟ್ಟಳು.

ಮರುವಾರ ತಿಪ್ಪೇಶ್ ಬಂದ. ಬೇರೆಯವರಂತೆ ಅಂಗಳದಲ್ಲಿ ನಿಲ್ಲದೆ ಸೀದಾ ಮೇಲೆ ಬಂದು ಅವಳ ಎದುರು ನೆಲದ ಮೇಲೆ ಕೂತ. ಎಷ್ಟೋ ದಿನದ ಮೇಲೆ ಒಬ್ಬ ಮನುಷ್ಯ ಕೈಯಳತೆಯಲ್ಲಿ ಕೂತಿದ್ದ; ಜಗದೇವಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

“ಆ ಗೊಬ್ಬರದ ಕಾರ್ಖಾನೆ ಮಣ್ಣೆಲ್ಲ ವಾಪಸ್ ತೆಗೆಸಿದೆ. ಕೋಟೆಯ ಮಣ್ಣೇ ಸ್ವಲ್ಪ ಸ್ವಲ್ಪ ಕೊಡೋಕೆ ಒಪ್ಪಿದ್ದಾರೆ. ಪರೀಕ್ಷೆ ಮಾಡಿ ತಂದಿದೀನಿ,” ಎಂದು ಪೊಟ್ಟಣ ಬಿಚ್ಚಿದ. ಅವಳು ಕೈಚಾಚುವ ಮೊದಲೇ ತಾನೇ ಒಂದು ಚಿಟಿಕೆ ತೆಗೆದು ನಾಲಿಗೆಯ ಮೇಲೆ ಇಟ್ಟುಕೊಂಡ. ರುಚಿಗೆ ಮುಖ ಕಿವುಚಿತು. ನುಂಗಲು ಹೊರಟ.

“ಉಗುಳ್ರಿ!” ಜಗದೇವಿ ಅವನ ಭುಜಕ್ಕೆ ಹೊಡೆದಳು. “ಮೊದ್ಲು ಉಗುಳ್ರಿ ಸಾಹೇಬ್ರ!”

ಅವನು ಉಗುಳಿದ. ಉಸ್ತಾದರ ಮಾತು ಮೀರಿದ್ದಕ್ಕೆ ಅವಳು ಮನಸ್ಸಿನಲ್ಲೇ ಕೈಮುಗಿದಳು. ಆಮೇಲೆ ತಾನೂ ಒಂದು ಚಿಟಿಕೆ ನೋಡಿ, ಉಗುಳಿ, ಬಾಯಿ ಮುಕ್ಕಳಿಸಿ, “ಇದು ನಮ್ಮ ಮಣ್ಣು,” ಎಂದಳು. “ಇನ್ ಮ್ಯಾಲ ಯಾರು ನೋಡಿದ್ರೂ ಉಗುಳ್ಬೇಕಂತ ಹೇಳ್ರಿ ಎಲ್ಲಾರಿಗಿ.”

ಪೊಟ್ಟಣ ಕಟ್ಟಿಡುತ್ತ ತಿಪ್ಪೇಶ್ ಹೇಳಿದ: “ಅಮ್ಮಾ, ಇಲ್ಲಿ ಮೇಲೆ, ಈ ಗಾಳಿಯಲ್ಲಿ ಮಗುವನ್ನ ನೀವು ಎತ್ಕೊಳ್ಳಬಹುದು. ನಿಮ್ಮೊಳಗಿನ ಕಿಡಿಯಲ್ಲಿ ಬಹುಪಾಲು ನಿಮ್ಮ ಚರ್ಮ ದಾಟಲ್ಲ. ದಿನಾ ಒಂದು ಗಂಟೆ ಎತ್ಕೊಂಡ್ರೂ ಭಯವಿಲ್ಲ. ನಾನು ಲೆಕ್ಕ ಹಾಕಿದೀನಿ.”

“ಆವಾಗ್ಲೂ ಲೆಕ್ಕ ಹಾಕಿದ್ರಿ.”

ಅವಳು ಹಂಗಿಸಲು ಆಡಿದ ಮಾತಲ್ಲ ಅದು, ಅದು ತಿಪ್ಪೇಶನಿಗೂ ತಿಳಿಯಿತು. ಚೀಲದಿಂದ ಒಂದು ಬಾಯಿಬಡಕಿ ತೆಗೆದು ನೆಲದ ಮೇಲೆ ಇಟ್ಟ. ಕೊರಳಿಗೆ ತೂಗುಹಾಕಿಕೊಳ್ಳುವಂಥದು. “ಇದು ಮನೇಲಿರೋದಕ್ಕಿಂತ ಹತ್ತು ಪಟ್ಟು ಸೂಕ್ಷ್ಮ. ನನ್ನ ನಂಬಬೇಡಿ, ಇದನ್ನ ನಂಬಿ,” ಎಂದು ಇಳಿದು ಹೋದ. ಹೋಗುವಾಗ ಕೆಳಗೆ ವೈಜುವಿನ ಹತ್ತಿರ ಏನೋ ಮಾತಾಡಿದ್ದು ಕೇಳಿಸಿತು.

ಅವತ್ತೇ ಸಂಜೆ, ಬಿಸಿಲು ಇನ್ನೂ ಕೋಟೆಯ ಬುರುಜಿನ ಮೇಲಿರುವಾಗ, ವೈಜು ಮೆಟ್ಟಿಲು ಹತ್ತಿ ಬಂದಳು. ಕುಲಾವಿ ಕಟ್ಟಿದ ಕೂಸು ಕೈಯಲ್ಲಿತ್ತು.

“ಬರಬ್ಯಾಡ ಅಂದಿನಿ!” ಜಗದೇವಿ ಚಪ್ಪರದ ಆಚೆ ಕಂಬಕ್ಕೆ ಸರಿದಳು.

“ಕೂಗಾಡಬ್ಯಾಡ, ಕೂಸು ಏಳ್ತದ.” ವೈಜು ನೆಲದ ಮೇಲಿದ್ದ ಡಬ್ಬಿ ಎತ್ತಿ ಕೊರಳಿಗೆ ಹಾಕಿಕೊಂಡು ನಾಲ್ಕು ಮೊಳ ದೂರದಲ್ಲಿ ಕೂತಳು. “ಹಸಿರ ಅದ. ನೋಡು.” ಒಂದು ಮೊಳ ಮುಂದೆ ಬಂದಳು. “ಹಸಿರ ಅದ.” ಇನ್ನೊಂದು ಮೊಳ. ಜಗದೇವಿಯ ಬೆನ್ನಿಗೆ ಕಂಬ ತಾಗಿತ್ತು. ಸರಿಯಲು ಜಾಗ ಉಳಿದಿರಲಿಲ್ಲ. ಮೊಣಕಾಲಿಗೆ ಮೊಣಕಾಲು ತಾಗಿತು. ಮುಂದಿನ ಕ್ಷಣ ಕೂಸು ಅವಳ ತೊಡೆಯ ಮೇಲಿತ್ತು.

ಎಷ್ಟು ಹಗುರ! ಬೆಚ್ಚಗಿನ ಎಣ್ಣೆಯ ವಾಸನೆ. ಮುಚ್ಚಿದ ಕಣ್ಣಿನ ಮೇಲೆ ಕಾಡಿಗೆ. ನೆತ್ತಿಯ ಮೆತ್ತನೆ ಜಾಗ ಉಸಿರಿನೊಂದಿಗೆ ಏರಿಳಿಯುತ್ತಿತ್ತು. ಬಗ್ಗಿ ನೋಡಿದ ಜಗದೇವಿ ತನ್ನ ಉಸಿರನ್ನು ಬಿಗಿಹಿಡಿದಳು.

ಎಣಿಸಿದಳು. ಇಪ್ಪತ್ತು. ಮೂವತ್ತು. ಉಸಿರು ಹಿಡಿದಷ್ಟು ಹೊತ್ತು ಕೂಸು ತನ್ನದು ಎಂದು ಅವಳ ಲೆಕ್ಕ. ನಲವತ್ತು. ಎದೆ ಉರಿಯಿತು, ಕಣ್ಣಲ್ಲಿ ನೀರು ತುಂಬಿತು, ಕೈ ಮಾತ್ರ ಬಿಡಲೊಲ್ಲದು.

ವೈಜು ಅವಳ ಮುಖ ನೋಡಿದಳು. ತಕ್ಷಣ ಅರ್ಥವಾಯಿತು.

“ಅತ್ತೀ, ಉಸಿರ್ ಬಿಡು.”

ಜಗದೇವಿ ಇಲ್ಲವೆಂದು ತಲೆಯಾಡಿಸಿದಳು.

“ಇಪ್ಪತ್ತೆರಡ್ ವರ್ಷ ನಿನ್ನ ಉಸಿರ ಕೇಳ್ಕೊಂತ ಮಲಗೀನಿ ನಾ. ಅದಿಲ್ದ ಗಂಡನ ಮನ್ಯಾಗ ವರ್ಷಾನಗಟ್ಲೆ ನಿದ್ದಿ ಬರ್ಲಿಲ್ಲ ನನಗ.” ವೈಜು ಅವಳ ಮೊಣಕಾಲ ಮೇಲೆ ಕೈಯಿಟ್ಟಳು. “ಬಿಡು ಅತ್ತೀ. ನನ್ನ ಸಲುವಾಗಿ ಬಿಡು.”

ಜಗದೇವಿ ಮುಖವನ್ನು ಕೋಟೆಯ ಕಡೆಗೆ, ಗಾಳಿ ಬೀಸುವ ಕಡೆಗೆ ತಿರುಗಿಸಿ ಉಸಿರು ಬಿಟ್ಟಳು. ಬಿಟ್ಟವಳೇ ಹೆದರಿ ಡಬ್ಬಿಯತ್ತ ನೋಡಿದಳು. ಹಸಿರು. ಕೂಸು ಒಮ್ಮೆ ಆಕಳಿಸಿ, ಅವಳ ಬೆರಳನ್ನು ಹಿಡಿದುಕೊಂಡು, ಮತ್ತೆ ನಿದ್ದೆಹೋಯಿತು.

ಎರಡನೆಯ ಉಸಿರಿಗೆ ಅವಳು ಮುಖ ತಿರುಗಿಸಲಿಲ್ಲ.